ಆರೋಪಿ ಗಡಿ ದಾಟಿದ ಮೇಲೆ ಮೊಕದ್ದಮೆ ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಪ್ರಶ್ನೆ: ತಮ್ಮ ದೇಶದಲ್ಲಿ ಸಾವಿರಾರು ಜನರ ಕೊಲೆಗೆ, ಚಿತ್ರಹಿಂಸೆಗೆ ಕಾರಣರೆಂಬ ಆರೋಪ ಹೊತ್ತವರು ಬೇರೊಂದು ದೇಶದಲ್ಲಿ ನೆಮ್ಮದಿಯಿಂದ ಬದುಕುತ್ತಿರುವ ಸುದ್ದಿಯನ್ನು ಆಗಾಗ ಓದುತ್ತೇವೆ. ಇಂಥವರಿಗೆಂದೇ ಹೇಗ್‌ನಲ್ಲಿ ನ್ಯಾಯಾಲಯವಿದ್ದರೂ ಅವರನ್ನು ಹಿಡಿಯಲು ಏಕೆ ಆಗುವುದಿಲ್ಲ? ದೇಶಗಳ ನಡುವಿನ ಸಹಕಾರ ನಿಜಕ್ಕೂ ಕೆಲಸ ಮಾಡುತ್ತದೆಯೇ, ಇಲ್ಲವೇ ಅದು ದುರ್ಬಲ ದೇಶಗಳವರಿಗೆ ಮಾತ್ರ ಅನ್ವಯಿಸುವ ನಿಯಮವೇ? ತಮ್ಮವರನ್ನು ಕಳೆದುಕೊಂಡು ಪರದೇಶದಲ್ಲಿ ನೆಲೆಸಿರುವವರು ಏನಾದರೂ ಮಾಡಬಹುದೇ?

ಉತ್ತರ: ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ, ಅಂದರೆ ಐಸಿಸಿಗೆ, ತನ್ನದೇ ಆದ ಪೊಲೀಸ್ ಪಡೆ ಇಲ್ಲ. ಅದು ಬಂಧನ ವಾರಂಟ್ ಹೊರಡಿಸಬಲ್ಲದು. ಆ ವಾರಂಟ್ ಹಿಡಿದು ಆರೋಪಿಯ ಮನೆ ಬಾಗಿಲು ತಟ್ಟುವವರು ಯಾವುದಾದರೊಂದು ದೇಶದ ಪೊಲೀಸರೇ ಆಗಬೇಕು. 1998ರ ಜುಲೈ 17ರಂದು ರೋಮ್‌ನಲ್ಲಿ 120 ದೇಶಗಳ ಬೆಂಬಲದಿಂದ ಅಂಗೀಕಾರಗೊಂಡು 2002ರ ಜುಲೈ 1ರಂದು ಜಾರಿಗೆ ಬಂದ, ಈ ನ್ಯಾಯಾಲಯವನ್ನು ಹುಟ್ಟುಹಾಕಿದ ಒಪ್ಪಂದವಾದ ರೋಮ್ ಶಾಸನದ ಒಂಬತ್ತನೆಯ ಭಾಗ ಪೂರ್ತಿಯಾಗಿ ಸಹಕಾರಕ್ಕೇ ಮೀಸಲಾಗಿದೆ: ಆರೋಪಿಯನ್ನು ಒಪ್ಪಿಸುವುದು, ಸಾಕ್ಷಿಗಳ ಹೇಳಿಕೆ ಪಡೆಯುವುದು, ದಾಖಲೆ ಕಳಿಸುವುದು, ಆಸ್ತಿ ಮುಟ್ಟುಗೋಲು ಹಾಕಿಕೊಳ್ಳುವುದು, ಸಾಕ್ಷಿಗಳನ್ನು ಕಾಪಾಡುವುದು ಎಲ್ಲವೂ ಅದರಲ್ಲಿವೆ. ಆದರೆ ಈ ಹೊಣೆ ಸದಸ್ಯ ದೇಶಗಳಿಗೆ ಮಾತ್ರ. ಅಮೆರಿಕ, ರಷ್ಯಾ, ಚೀನಾ, ಭಾರತ ಇವು ಯಾವುವೂ ಸದಸ್ಯರಲ್ಲ. ಸದಸ್ಯ ದೇಶವೊಂದು ಮಾತು ತಪ್ಪಿದರೆ ನ್ಯಾಯಾಲಯ ಮಾಡಬಹುದಾದದ್ದೂ ಕಡಿಮೆ: ಸಹಕರಿಸಿಲ್ಲವೆಂದು ಆದೇಶದಲ್ಲಿ ದಾಖಲಿಸಿ, ವಿಷಯವನ್ನು ಸದಸ್ಯ ದೇಶಗಳ ಸಭೆಗೆ, ಕೆಲವು ಸಂದರ್ಭಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಕಳಿಸಬಹುದು, ಅಷ್ಟೇ.

ಇದರ ಪರಿಣಾಮವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸುಡಾನಿನ ಅಧ್ಯಕ್ಷರಾಗಿದ್ದ ಒಮರ್ ಅಲ್ ಬಶೀರ್ ಅವರ ವಿರುದ್ಧ ಆ ದೇಶದ ಡಾರ್ಫರ್ ಪ್ರದೇಶದ ಹತ್ಯೆಗಳಿಗೆ ಸಂಬಂಧಿಸಿ 2009ರಲ್ಲಿ ಒಂದು, 2010ರಲ್ಲಿ ಮತ್ತೊಂದು ವಾರಂಟ್ ಹೊರಟಿತ್ತು. 2015ರ ಜೂನ್‌ನಲ್ಲಿ ಅವರು ಆಫ್ರಿಕನ್ ಒಕ್ಕೂಟದ ಶೃಂಗಸಭೆಗೆಂದು ಜೋಹಾನ್ಸ್‌ಬರ್ಗ್‌ಗೆ ಬಂದರು. ಅವರು ದೇಶ ಬಿಟ್ಟು ಹೋಗಕೂಡದೆಂದು ಪ್ರಿಟೋರಿಯಾದ ಹೈಕೋರ್ಟ್ ಮಧ್ಯಂತರ ಆದೇಶ ನೀಡಿತು. ಮರುದಿನ ವಿಚಾರಣೆ ಮುಗಿಯುವ ಮೊದಲೇ ಅವರ ವಿಮಾನ ವಾಟರ್‌ಕ್ಲೂಫ್ ಸೇನಾ ನಿಲ್ದಾಣದಿಂದ ಮೇಲೇರಿತ್ತು. ದಕ್ಷಿಣ ಆಫ್ರಿಕ ಸದಸ್ಯ ದೇಶ. ಒಪ್ಪಂದವನ್ನು ತನ್ನ ದೇಶದ ಕಾನೂನಿನಲ್ಲೂ ಸೇರಿಸಿಕೊಂಡಿದ್ದ ದೇಶ. ಸರ್ಕಾರ ನಡೆದುಕೊಂಡ ರೀತಿ ಕಾನೂನುಬಾಹಿರವೆಂದು ಮರುವರ್ಷ ಅಲ್ಲಿನ ಮೇಲ್ಮನವಿ ನ್ಯಾಯಾಲಯವೇ ಹೇಳಿತು. 2024ರ ಸೆಪ್ಟೆಂಬರ್‌ನಲ್ಲಿ ವಾರಂಟ್ ಇದ್ದ ರಷ್ಯಾದ ಅಧ್ಯಕ್ಷರನ್ನು ಸದಸ್ಯ ದೇಶವಾದ ಮಂಗೋಲಿಯಾ ಬರಮಾಡಿಕೊಂಡು ಬೀಳ್ಕೊಟ್ಟಿತು. ಇದಕ್ಕೆ ಎದುರಾಗಿ, 2025ರ ಮಾರ್ಚ್ 11ರಂದು ಫಿಲಿಪ್ಪೀನ್ಸ್‌ನ ಪೊಲೀಸರು ತಮ್ಮದೇ ಮಾಜಿ ಅಧ್ಯಕ್ಷ ರೊಡ್ರಿಗೊ ಡುಟರ್ಟೆ ಅವರನ್ನು ಮನಿಲಾ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಮರುದಿನ ಅವರು ಹೇಗ್‌ನಲ್ಲಿದ್ದರು. ಆ ದೇಶ 2019ರಲ್ಲೇ ಐಸಿಸಿಯಿಂದ ಹೊರನಡೆದಿತ್ತು ಎಂಬುದನ್ನು ಗಮನಿಸಿ. ಸದಸ್ಯ ದೇಶಗಳು ಆರೋಪಿಯನ್ನು ಹೋಗಲು ಬಿಟ್ಟದ್ದೂ ಉಂಟು, ಬಿಟ್ಟುಹೋದ ದೇಶ ಹಿಡಿದುಕೊಟ್ಟದ್ದೂ ಉಂಟು. ಆ ಹೊತ್ತಿನಲ್ಲಿ ಅಧಿಕಾರದಲ್ಲಿರುವವರ ಇಚ್ಛೆಯೇ ಇಲ್ಲಿ ನಿರ್ಣಾಯಕವಾಗುತ್ತದೆ; ವ್ಯವಸ್ಥೆಯ ದೌರ್ಬಲ್ಯವೂ ಇದೇ.

ದುರ್ಬಲರಿಗೆ ಮಾತ್ರವೇ ಈ ನಿಯಮ ಎಂಬ ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಸಿರಿಯಾದ ಪ್ರಕರಣವನ್ನು ಐಸಿಸಿಗೆ ಒಪ್ಪಿಸುವ ನಿರ್ಣಯ 2014ರ ಮೇ 22ರಂದು ಭದ್ರತಾ ಮಂಡಳಿಯ ಮುಂದೆ ಬಂದಾಗ ರಷ್ಯಾ ಮತ್ತು ಚೀನಾ ವಿಟೊ ಚಲಾಯಿಸಿ ಅದನ್ನು ತಡೆದವು. ಐಸಿಸಿಯ ಅಧಿಕಾರಿಗಳ ಮೇಲೆ ಅಮೆರಿಕ 2020ರಲ್ಲೂ 2025ರಲ್ಲೂ ನಿರ್ಬಂಧ ಹೇರಿತು. ಬಲಾಢ್ಯರ ನೆರಳಿನಲ್ಲಿರುವವರನ್ನು ಮುಟ್ಟುವುದು ಕಷ್ಟ ಎಂಬುದು ಸತ್ಯ. ಆದರೆ ಚರ್ಚೆ ಸಾಮಾನ್ಯವಾಗಿ ಇಲ್ಲಿಗೇ ನಿಂತುಬಿಡುತ್ತದೆ, ನನಗೆ ಬೇಸರ ತರುವುದು ಅದು. ಏಕೆಂದರೆ ಇಂಥ ಅಪರಾಧಗಳ ವಿಚಾರಣೆಯ ಮೊದಲ ಹೊಣೆ ಹೇಗ್‌ನದ್ದಲ್ಲ. ರೋಮ್ ಶಾಸನವೇ ಹೇಳುವಂತೆ ಅದು ಆಯಾ ದೇಶಗಳ ನ್ಯಾಯಾಲಯಗಳದ್ದು. ಅವು ವಿಚಾರಣೆ ನಡೆಸಲು ಒಲ್ಲದಿದ್ದಾಗ ಅಥವಾ ಅಸಮರ್ಥವಾದಾಗ ಮಾತ್ರ ಐಸಿಸಿಯ ಸರದಿ. ಬಹುಪಾಲು ಆರೋಪಿಗಳು ಹೇಗ್‌ನ ಮುಖವನ್ನೇ ನೋಡುವುದಿಲ್ಲ. ಅವರ ಪ್ರಕರಣ ತೀರ್ಮಾನವಾಗುವುದು, ಅಥವಾ ಮಣ್ಣುಪಾಲಾಗುವುದು, ಒಂದು ದೇಶದ ಸರ್ಕಾರಿ ವಕೀಲರಿಂದ ಮತ್ತೊಂದು ದೇಶದ ಸರ್ಕಾರಿ ವಕೀಲರಿಗೆ ಹೋಗುವ ಕೋರಿಕೆ ಪತ್ರಗಳಲ್ಲಿ.

ಆ ಪತ್ರದ ಪಯಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ದೇಶದ ತನಿಖಾಧಿಕಾರಿಗೆ ಇನ್ನೊಂದು ದೇಶದಲ್ಲಿರುವ ಸಾಕ್ಷಿಯ ಹೇಳಿಕೆ ಬೇಕಾಗಿದೆ ಎಂದುಕೊಳ್ಳಿ. ಅವರು ನೇರವಾಗಿ ಅಲ್ಲಿಗೆ ಹೋಗಿ ಕೇಳುವಂತಿಲ್ಲ. ಪರದೇಶದ ನೆಲದಲ್ಲಿ ಅವರಿಗೆ ಯಾವ ಅಧಿಕಾರವೂ ಇಲ್ಲ. ಹಾಗಾಗಿ ಕೋರಿಕೆ ಪತ್ರ ಬರೆಯುತ್ತಾರೆ. ಅಪರಾಧದ ಸಂಗತಿ, ಅನ್ವಯಿಸುವ ಕಲಮುಗಳು, ಯಾರಿಂದ ಏನು ಬೇಕು, ಅದು ಪ್ರಕರಣಕ್ಕೆ ಹೇಗೆ ಸಂಬಂಧಿಸಿದೆ, ಹೇಳಿಕೆಯನ್ನು ಪ್ರಮಾಣ ಮಾಡಿಸಿ ಪಡೆಯಬೇಕೇ, ಆರೋಪಿಯ ವಕೀಲರು ಹಾಜರಿರಬೇಕೇ ಎಂಬುದೆಲ್ಲ ಅದರಲ್ಲಿರಬೇಕು. ವಿಶೇಷ ಒಪ್ಪಂದವಿಲ್ಲದಿದ್ದರೆ ಪತ್ರ ತನ್ನ ದೇಶದ ಕಾನೂನು ಸಚಿವಾಲಯ, ಅಲ್ಲಿಂದ ವಿದೇಶಾಂಗ ಸಚಿವಾಲಯ, ಅಲ್ಲಿಂದ ರಾಯಭಾರ ಕಚೇರಿ, ಬಳಿಕ ಆ ದೇಶದ ವಿದೇಶಾಂಗ ಸಚಿವಾಲಯ, ಕಾನೂನು ಸಚಿವಾಲಯ, ಕೊನೆಗೆ ಸ್ಥಳೀಯ ನ್ಯಾಯಾಧೀಶರು ಎಂದು ಮೆಟ್ಟಿಲು ಹತ್ತಿ ಇಳಿಯುತ್ತದೆ. ಉತ್ತರವೂ ಅದೇ ದಾರಿಯಲ್ಲಿ ಮರಳಬೇಕು. ನಡುವೆ ಭಾಷಾಂತರ ಸರಿಯಿಲ್ಲವೆಂದು ಒಮ್ಮೆ, ಕೋರಿಕೆ ಅಸ್ಪಷ್ಟವೆಂದು ಇನ್ನೊಮ್ಮೆ ಹಿಂದಕ್ಕೆ ಬರುತ್ತದೆ. ಅಂಥ ಅಪರಾಧವೇ ನಮ್ಮ ದಂಡಸಂಹಿತೆಯಲ್ಲಿಲ್ಲ ಎಂಬ ಉತ್ತರ ಬಂದರಂತೂ ಅಲ್ಲಿಗೆ ಮುಗಿಯಿತು. ಇಷ್ಟರಲ್ಲಿ ಅಧಿಕಾರಿ ವರ್ಗವಾಗಿರುತ್ತಾರೆ, ಸಾಕ್ಷಿಗೆ ವಯಸ್ಸಾಗಿರುತ್ತದೆ. ಯಾರೂ ಬೇಕೆಂದು ಅಡ್ಡಿ ಮಾಡದೆಯೂ ಕೊಲೆಗಾರನಿಗೆ ಹತ್ತು ವರ್ಷ ಸಿಕ್ಕಿಬಿಡುತ್ತದೆ.

ನಾನು ಈ ವಿಷಯ ಕಲಿಸುವಾಗ ಯಾವಾಗಲೂ ಹಿಸೇನ್ ಹಾಬ್ರೆಯ ಪ್ರಕರಣವನ್ನು ಹೇಳುತ್ತೇನೆ. ಸಹಕಾರದ ಸೋಲೂ ಗೆಲುವೂ ಒಂದೇ ಕಡತದಲ್ಲಿರುವ ಇಂಥ ಮತ್ತೊಂದು ಪ್ರಕರಣ ಸಿಗುವುದು ಕಷ್ಟ. ಹಾಬ್ರೆ 1982ರಿಂದ 1990ರವರೆಗೆ ಚಾಡ್ ದೇಶವನ್ನು ಆಳಿದವರು. ಅವರ ರಾಜಕೀಯ ಪೊಲೀಸ್ ಪಡೆ ರಾಜಧಾನಿ ಎನ್‌ಜಮೇನಾದಲ್ಲಿ ವಸಾಹತು ಕಾಲದ ಈಜುಕೊಳವೊಂದರ ಮೇಲೆ ಕಾಂಕ್ರೀಟ್ ಹಾಕಿ ಮುಚ್ಚಿ, ಅದರೊಳಗೆ ಕೋಣೆಗಳನ್ನು ಮಾಡಿ ಸೆರೆಮನೆಯಾಗಿಸಿತ್ತು. ಅಧಿಕಾರ ಕಳೆದುಕೊಂಡ ಹಾಬ್ರೆ ಸೆನೆಗಲ್‌ಗೆ ಓಡಿಹೋಗಿ ಡಾಕಾರ್‌ನಲ್ಲಿ ನೆಲೆಸಿದರು. ಸೆರೆಯಲ್ಲಿದ್ದು ಬದುಕಿ ಬಂದ ಸುಲೇಮಾನ್ ಗೆಂಗೆಂಗ್ ಎಂಬ ಲೆಕ್ಕಪತ್ರ ನೌಕರರು ತಮ್ಮಂತೆ ನೊಂದ 792 ಜನರ ಹೇಳಿಕೆಗಳನ್ನು ಬರೆದಿಟ್ಟುಕೊಂಡಿದ್ದರು. ಬೆದರಿಕೆ ಬಂದಾಗ ಅವನ್ನು ವರ್ಷಗಟ್ಟಲೆ ಬಚ್ಚಿಟ್ಟರು. 2000ದ ಜನವರಿಯಲ್ಲಿ ನೊಂದವರು ಡಾಕಾರ್‌ನಲ್ಲಿ ದೂರು ಕೊಟ್ಟರು, ಅಲ್ಲಿನ ನ್ಯಾಯಾಧೀಶರು ಆರೋಪ ಹೊರಿಸಿಯೂಬಿಟ್ಟರು. ಆದರೆ ಬೇರೆ ದೇಶದಲ್ಲಿ ನಡೆದ ಚಿತ್ರಹಿಂಸೆಯನ್ನು ವಿಚಾರಿಸುವ ಅಧಿಕಾರ ತಮ್ಮ ಕಾನೂನಿನಲ್ಲಿಲ್ಲವೆಂದು ಮೇಲಿನ ನ್ಯಾಯಾಲಯಗಳು ದೂರನ್ನು ತಳ್ಳಿಹಾಕಿದವು. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಸೆನೆಗಲ್ ಎಂದೋ ಸೇರಿತ್ತು. ಅದಕ್ಕೆ ತಕ್ಕಂತೆ ತನ್ನ ಕಾನೂನನ್ನು ತಿದ್ದಿಕೊಂಡಿರಲಿಲ್ಲ.

ಬೇರೆ ದೇಶದಲ್ಲಿ ನಡೆದ ಇಂಥ ಅಪರಾಧವನ್ನೂ ವಿಚಾರಿಸಬಲ್ಲ ಕಾನೂನಿದ್ದ ಬೆಲ್ಜಿಯಂನ ಬಾಗಿಲನ್ನು ನೊಂದವರು ತಟ್ಟಿದರು. ಈ ನಡುವೆ 2001ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ಕಾರ್ಯಕರ್ತರು ಎನ್‌ಜಮೇನಾದಲ್ಲಿ ಪಾಳುಬಿದ್ದಿದ್ದ ರಾಜಕೀಯ ಪೊಲೀಸರ ಕಚೇರಿಗೆ ಹೋದಾಗ, ನೆಲದ ಮೇಲೆ ಧೂಳು ತಿನ್ನುತ್ತ ಬಿದ್ದಿದ್ದ ಸಾವಿರಾರು ಹಾಳೆಗಳು ಕಂಡವು: ಕೈದಿಗಳ ಪಟ್ಟಿ, ವಿಚಾರಣಾ ವರದಿ, ಮರಣ ಪ್ರಮಾಣಪತ್ರ. ಅವುಗಳನ್ನು ಒಂದೊಂದಾಗಿ ಜೋಡಿಸಿದಾಗ ಸೆರೆಯಲ್ಲಿ ಸತ್ತ 1,208 ಜನರ ಹೆಸರು, ಒಟ್ಟು 12,321 ಸಂತ್ರಸ್ತರ ವಿವರ ಸಿಕ್ಕಿತು. 2002ರಲ್ಲಿ ಬೆಲ್ಜಿಯಂನ ತನಿಖಾ ನ್ಯಾಯಾಧೀಶರಿಗೆ ಚಾಡ್ ತನ್ನ ನೆಲದಲ್ಲಿ ತನಿಖೆಗೆ ಅವಕಾಶ ಕೊಟ್ಟಿತು, ಮಾಜಿ ಅಧ್ಯಕ್ಷರೆಂಬ ಕಾರಣಕ್ಕೆ ಹಾಬ್ರೆಗೆ ವಿಚಾರಣೆಯಿಂದ ಇರಬಹುದಾದ ರಕ್ಷಣೆಯನ್ನೂ ತೆಗೆದುಹಾಕಿತು. 2005ರಲ್ಲಿ ಬೆಲ್ಜಿಯಂನಿಂದ ವಾರಂಟ್ ಹೊರಟಿತು. ಸೆನೆಗಲ್ ಮತ್ತೆ ಹೊಣೆ ಜಾರಿಸಿತು, ವಿಷಯವನ್ನು ಆಫ್ರಿಕನ್ ಒಕ್ಕೂಟಕ್ಕೆ ದಾಟಿಸಿತು. ಬೆಲ್ಜಿಯಂ ಅಂತರರಾಷ್ಟ್ರೀಯ ನ್ಯಾಯಾಲಯದ ಮೊರೆ ಹೋಯಿತು. ಇದು ಹೇಗ್‌ನಲ್ಲೇ ಇದ್ದರೂ ಐಸಿಸಿಯಿಂದ ಬೇರೆಯಾದ, ದೇಶದೇಶಗಳ ವ್ಯಾಜ್ಯ ನೋಡುವ ನ್ಯಾಯಾಲಯ. 2012ರ ಜುಲೈ 20ರಂದು ಅದು ಕೊಟ್ಟ ತೀರ್ಪಿನ ತಿರುಳು ಇಷ್ಟು: ಸೆನೆಗಲ್ ಇನ್ನು ತಡಮಾಡದೆ ಹಾಬ್ರೆಯ ವಿಚಾರಣೆಗೆ ಕ್ರಮ ಕೈಗೊಳ್ಳಬೇಕು, ಇಲ್ಲವಾದರೆ ಹಸ್ತಾಂತರಿಸಬೇಕು. ಬೇಡ ಎಂದು ಸುಮ್ಮನೆ ಕೂರುವ ಮೂರನೆಯ ದಾರಿ ಇಲ್ಲ.

ಆಮೇಲೆ ಕೆಲಸ ಚುರುಕಾಯಿತು. ಸೆನೆಗಲ್ ಮತ್ತು ಆಫ್ರಿಕನ್ ಒಕ್ಕೂಟ ಸೇರಿ ಡಾಕಾರ್‌ನಲ್ಲಿ ವಿಶೇಷ ನ್ಯಾಯಪೀಠ ಸ್ಥಾಪಿಸಿದವು, ಹಲವು ದೇಶಗಳು ಹಣ ಕೊಟ್ಟವು, 2013ರ ಮೇ ತಿಂಗಳಲ್ಲಿ ಚಾಡ್ ಮತ್ತು ಸೆನೆಗಲ್ ನ್ಯಾಯಾಂಗ ಸಹಕಾರದ ಪ್ರತ್ಯೇಕ ಒಪ್ಪಂದಕ್ಕೆ ಸಹಿ ಹಾಕಿದವು. ಆ ಒಪ್ಪಂದದ ಬಲದಿಂದ ತನಿಖಾ ನ್ಯಾಯಾಧೀಶರು ಚಾಡ್‌ಗೆ ಮತ್ತೆ ಮತ್ತೆ ಹೋಗಿ ಸುಮಾರು 2,500 ಜನರ ಹೇಳಿಕೆ ಪಡೆದರು. ಅದೇ ವರ್ಷದ ಜೂನ್ 30ರಂದು ಹಾಬ್ರೆಯ ಬಂಧನ, 2015ರಲ್ಲಿ ವಿಚಾರಣೆ, 93 ಸಾಕ್ಷಿಗಳು, 2016ರ ಮೇ 30ರಂದು ಜೀವಾವಧಿ ಶಿಕ್ಷೆ. ಹಾಗೆಂದು ಸಹಕಾರ ಪೂರ್ಣವಾಗಿತ್ತು ಎನ್ನುವಂತಿಲ್ಲ. ಚಾಡ್ ತನ್ನ ವಶದಲ್ಲಿದ್ದ ಇನ್ನಿಬ್ಬರು ಆರೋಪಿಗಳನ್ನು ಡಾಕಾರ್‌ಗೆ ಕಳಿಸಲು ಒಪ್ಪಲೇ ಇಲ್ಲ. ಆದರೂ ಮೊದಲ ದೂರಿನಿಂದ ತೀರ್ಪಿನವರೆಗಿನ ಹದಿನಾರು ವರ್ಷಗಳಲ್ಲಿ ಹದಿಮೂರಕ್ಕೂ ಹೆಚ್ಚು ವರ್ಷ ಕಳೆದದ್ದು ಯಾರು ವಿಚಾರಿಸಬೇಕು ಎಂಬ ಜಗಳದಲ್ಲಿ. ಬಂಧನದಿಂದ ತೀರ್ಪಿಗೆ ಹಿಡಿದದ್ದು ಮೂರು ವರ್ಷವೂ ಅಲ್ಲ. ವಿಳಂಬದ ಬೇರು ಎಲ್ಲಿದೆಯೆಂದು ಈ ಲೆಕ್ಕವೇ ತೋರಿಸುತ್ತದೆ.

ಇಲ್ಲಿ ಪದಗಳ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಗಳು ಹಸ್ತಾಂತರವನ್ನೂ ಗಡೀಪಾರನ್ನೂ ಒಂದೇ ಎಂಬಂತೆ ಬಳಸುತ್ತವೆ. ಬೇಡದ ವಿದೇಶಿಯನ್ನು ದೇಶದಿಂದ ಹೊರಗಟ್ಟುವುದು ಗಡೀಪಾರು. ವಿಚಾರಣೆಗಾಗಿ ಅಥವಾ ಶಿಕ್ಷೆಗಾಗಿ ಕೇಳಿದ ದೇಶಕ್ಕೆ ಕಾನೂನಿನ ಕ್ರಮದಂತೆ ಕೊಡುವುದು ಹಸ್ತಾಂತರ. ಹಸ್ತಾಂತರಕ್ಕೆ ಷರತ್ತುಗಳಿರುತ್ತವೆ, ಮತ್ತು ಆ ಷರತ್ತುಗಳೆಲ್ಲ ಕುಂಟುನೆಪವಲ್ಲ. ಮರಣದಂಡನೆಯ ಸಾಧ್ಯತೆ ಇರುವಲ್ಲಿಗೆ ಹಲವು ದೇಶಗಳು ಯಾರನ್ನೂ ಕಳಿಸುವುದಿಲ್ಲ. ನ್ಯಾಯಯುತ ವಿಚಾರಣೆಯ ಭರವಸೆ ಕೇಳುತ್ತವೆ. ಕೇಳುವುದು ಸರಿಯೇ. ರುವಾಂಡಾ 2007ರಲ್ಲಿ ಮರಣದಂಡನೆಯನ್ನು ರದ್ದುಪಡಿಸಿದ ನಂತರವೇ ಟಾಂಜಾನಿಯಾದ ಅರುಷಾದಲ್ಲಿದ್ದ ವಿಶ್ವಸಂಸ್ಥೆಯ ನ್ಯಾಯಮಂಡಳಿ ತನ್ನ ಮುಂದಿದ್ದ ಕೆಲವು ನರಮೇಧದ ಪ್ರಕರಣಗಳನ್ನು ಆ ದೇಶದ ನ್ಯಾಯಾಲಯಗಳಿಗೆ ಒಪ್ಪಿಸುವ ದಾರಿ ತೆರೆಯಿತು.

ಈಗ ಒಪ್ಪಂದಗಳ ವಿಷಯ. ಈ ಕ್ಷೇತ್ರದ ಅತ್ಯಂತ ವಿಚಿತ್ರವಾದ ಕೊರತೆ ಅಲ್ಲಿದೆ. 1948ರ ನರಮೇಧ ಒಡಂಬಡಿಕೆ ಹಸ್ತಾಂತರದ ಬಗ್ಗೆ ಹೇಳುವುದು ಬಹಳ ಕಡಿಮೆ: ನರಮೇಧವನ್ನು ರಾಜಕೀಯ ಅಪರಾಧವೆಂದು ಕರೆದು ಆರೋಪಿಯನ್ನು ಉಳಿಸಿಕೊಳ್ಳಬಾರದು, ಇರುವ ಕಾನೂನು ಒಪ್ಪಂದಗಳ ಪ್ರಕಾರ ಒಪ್ಪಿಸಬೇಕು. ಸಾಕ್ಷ್ಯವನ್ನು ಹೇಗೆ ತರಿಸಿಕೊಳ್ಳಬೇಕೆಂಬ ಸೊಲ್ಲೇ ಅದರಲ್ಲಿಲ್ಲ. ಯುದ್ಧದ ನಿಯಮಗಳ ಕುರಿತ 1949ರ ಜಿನೀವಾ ಒಡಂಬಡಿಕೆಗಳು ಒಂದು ಹೆಜ್ಜೆ ಮುಂದೆ ಹೋಗಿ, ಘೋರ ಉಲ್ಲಂಘನೆ ಮಾಡಿದವರನ್ನು ಹುಡುಕಿ ತಮ್ಮದೇ ನ್ಯಾಯಾಲಯದ ಮುಂದೆ ನಿಲ್ಲಿಸುವ ಹೊಣೆಯನ್ನು ಪ್ರತಿ ದೇಶಕ್ಕೂ ಹೊರಿಸಿದವು. 1984ರ ಚಿತ್ರಹಿಂಸೆ ವಿರೋಧಿ ಒಡಂಬಡಿಕೆ ವಿಚಾರಿಸು ಇಲ್ಲವೇ ಹಸ್ತಾಂತರಿಸು ಎಂದಿತು. ಮಾನವೀಯತೆಯ ವಿರುದ್ಧದ ಅಪರಾಧಗಳ ಬಗ್ಗೆ, ಅಂದರೆ ನಾಗರಿಕರ ಮೇಲೆ ವ್ಯಾಪಕವಾಗಿ ಇಲ್ಲವೇ ವ್ಯವಸ್ಥಿತವಾಗಿ ನಡೆಸುವ ಕೊಲೆ, ಚಿತ್ರಹಿಂಸೆಯಂಥ ಕೃತ್ಯಗಳ ಬಗ್ಗೆ, ಅಂಥ ಪ್ರತ್ಯೇಕ ವಿಶ್ವಸಂಸ್ಥೆಯ ಒಡಂಬಡಿಕೆ ಇಂದಿಗೂ ಇಲ್ಲ. ಅದನ್ನು ರೂಪಿಸುವ ಸಮ್ಮೇಳನವನ್ನು 2028 ಮತ್ತು 2029ರಲ್ಲಿ ನಡೆಸಲು ಸಾಮಾನ್ಯ ಸಭೆ 2024ರ ಡಿಸೆಂಬರ್‌ನಲ್ಲಷ್ಟೇ ನಿರ್ಧರಿಸಿತು. ಆದರೆ ಸಂಘಟಿತ ಅಪರಾಧದ ಬಗ್ಗೆ 2000ದಲ್ಲಿ, ಭ್ರಷ್ಟಾಚಾರದ ಬಗ್ಗೆ 2003ರಲ್ಲಿ ಬಂದ ಒಡಂಬಡಿಕೆಗಳಲ್ಲಿ ಪರಸ್ಪರ ಕಾನೂನು ನೆರವಿನ ವಿಧಿಗಳು ಪುಟಗಟ್ಟಲೆ ಇವೆ. ಲಂಚದ ಹಣದ ಜಾಡು ಹಿಡಿಯಲು ಇದ್ದ ಸಲಕರಣೆ ಸಾಮೂಹಿಕ ಕೊಲೆಯ ಸಾಕ್ಷ್ಯ ತರಲು ಇರಲಿಲ್ಲ ಎಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅಪರಾಧಕ್ಕೆ ಹೆಸರಿಡುವ ಕೆಲಸ ಬೇಗ ಆಯಿತು, ಅದರ ಸಾಕ್ಷ್ಯವನ್ನು ಗಡಿ ದಾಟಿಸುವ ದಾರಿ ಮಾಡುವ ಕೆಲಸ ಹಿಂದೆ ಬಿತ್ತು. ಕೊಂದವರು ಬಚಾವಾಗುತ್ತಿರುವುದು ಈ ಸಂದಿಯಲ್ಲೇ.

ಆ ಸಂದಿಯನ್ನು ಮುಚ್ಚಲೆಂದೇ ಅರ್ಜೆಂಟೀನಾ, ಬೆಲ್ಜಿಯಂ, ಮಂಗೋಲಿಯಾ, ನೆದರ್ಲೆಂಡ್ಸ್, ಸೆನೆಗಲ್, ಸ್ಲೊವೇನಿಯಾ ದೇಶಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಶ್ರಮಪಟ್ಟವು. ನರಮೇಧ, ಮಾನವೀಯತೆಯ ವಿರುದ್ಧದ ಅಪರಾಧ, ಯುದ್ಧಾಪರಾಧಗಳ ತನಿಖೆಯಲ್ಲಿ ಸಹಕಾರಕ್ಕಾಗಿ ರೂಪಿಸಿದ ಲ್ಯುಬ್ಲಿಯಾನಾ–ಹೇಗ್ ಒಡಂಬಡಿಕೆ 2023ರ ಮೇ 26ರಂದು ಅಂಗೀಕಾರವಾಯಿತು. 2024ರ ಫೆಬ್ರುವರಿಯಲ್ಲಿ ಹೇಗ್‌ನಲ್ಲಿ ಸಹಿಗೆ ತೆರೆದಾಗ ಮೂವತ್ತಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು. ಹಾಬ್ರೆಗೆ ಎರಡು ದಶಕ ಆಶ್ರಯವಾಗಿದ್ದ ಸೆನೆಗಲ್ ಈ ಕೆಲಸದ ಮುಂಚೂಣಿಯಲ್ಲಿ ನಿಂತದ್ದು ನನಗೆ ತುಂಬ ಅರ್ಥಪೂರ್ಣವೆನಿಸುತ್ತದೆ. ಇದರ ಪ್ರಕಾರ ಪ್ರತಿ ದೇಶವೂ ಕೋರಿಕೆಗಳನ್ನು ನೋಡಿಕೊಳ್ಳುವ ಒಂದು ಕೇಂದ್ರ ಪ್ರಾಧಿಕಾರವನ್ನು ಗೊತ್ತುಮಾಡಬೇಕು, ಪತ್ರ ಆ ಪ್ರಾಧಿಕಾರಗಳ ನಡುವೆಯೇ ಓಡಾಡಬಹುದು. ಸಾಕ್ಷಿ ವಿಡಿಯೊ ಮೂಲಕ ಹೇಳಿಕೆ ಕೊಡಬಹುದು, ಎರಡು ಮೂರು ದೇಶಗಳು ಸೇರಿ ಜಂಟಿ ತನಿಖಾ ತಂಡ ಕಟ್ಟಬಹುದು. ಸಹಿ ಹಾಕಿದರೆ ಸಾಲದು, ಸಂಸತ್ತು ಅನುಮೋದಿಸಬೇಕು, ದಂಡಸಂಹಿತೆ ತಿದ್ದುಪಡಿಯಾಗಬೇಕು. ಸೆನೆಗಲ್‌ನ ಹಳೆಯ ಅನುಭವದ ಪಾಠ ಅದು.

ಜಂಟಿ ತನಿಖೆಯ ಫಲ ಸಿರಿಯಾದ ಪ್ರಕರಣದಲ್ಲೇ ಸಿಕ್ಕಿದೆ. ಸಿರಿಯಾದ ಸೇನಾ ಛಾಯಾಗ್ರಾಹಕರೊಬ್ಬರು ಸೀಸರ್ ಎಂಬ ಗುಪ್ತನಾಮದಲ್ಲಿ ಸುಮಾರು 53,000 ಚಿತ್ರಗಳನ್ನು ದೇಶದಿಂದ ಹೊರತಂದಿದ್ದರು. ಸೆರೆಯಲ್ಲಿ ಸತ್ತವರ ಚಿತ್ರಗಳಲ್ಲಿ ಹೆಣದ ಜೊತೆ ಸಂಖ್ಯೆಗಳು ಕಾಣುತ್ತವೆ: ಕೈದಿಯ ಸಂಖ್ಯೆ, ಅವನನ್ನು ಇರಿಸಿದ್ದ ಗುಪ್ತಚರ ಶಾಖೆಯ ಸಂಖ್ಯೆ, ವೈದ್ಯರ ಪರೀಕ್ಷೆಯ ಸಂಖ್ಯೆ. ಕೊಲ್ಲುವವರು ತಮ್ಮ ಲೆಕ್ಕಕ್ಕೆಂದು ಬರೆದ ಆ ಅಂಕಿಗಳೇ ತನಿಖೆಗೆ ಆಧಾರವಾದವು. ಭದ್ರತಾ ಮಂಡಳಿಯ ದಾರಿ ಮುಚ್ಚಿದ್ದರಿಂದ 2016ರ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆಯೇ ಸಾಕ್ಷ್ಯ ಸಂಗ್ರಹಿಸಿ ಕಾಪಿಡುವ ಸ್ವತಂತ್ರ ಸಂಸ್ಥೆಯೊಂದನ್ನು ಜಿನೀವಾದಲ್ಲಿ ಸ್ಥಾಪಿಸಿತು. ಜರ್ಮನಿ ಮತ್ತು ಫ್ರಾನ್ಸ್ ಜಂಟಿ ತಂಡ ಕಟ್ಟಿದವು. ಡಮಾಸ್ಕಸ್‌ನ 251ನೆಯ ಗುಪ್ತಚರ ಶಾಖೆಯಲ್ಲಿ ವಿಚಾರಣಾ ವಿಭಾಗದ ಮುಖ್ಯಸ್ಥರಾಗಿದ್ದ ಅನ್ವರ್ ರಸ್ಲಾನ್ ಆಶ್ರಯ ಕೋರಿ ಜರ್ಮನಿಗೆ ಬಂದಿದ್ದರು. ಕೊಬ್ಲೆನ್ಜ್‌ನ ನ್ಯಾಯಾಲಯ 2022ರ ಜನವರಿ 13ರಂದು ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ವಿಟೊದಿಂದ ಒಂದು ಬಾಗಿಲು ಮುಚ್ಚಿದರೂ ಸಾಕ್ಷ್ಯ ಬೇರೆ ಬಾಗಿಲಿನಿಂದ ಒಳಬಂದಿತು.

ಕೊನೆಯದಾಗಿ, ನೊಂದವರು ಏನು ಮಾಡಬಹುದು ಎಂಬ ಪ್ರಶ್ನೆ. ಆರೋಪಿ ಈಗ ಇರುವ ದೇಶದಲ್ಲಿ, ಅಥವಾ ನೀವೇ ನೆಲೆಸಿರುವ ದೇಶದಲ್ಲಿ, ಯುದ್ಧಾಪರಾಧಗಳಿಗೆ ಮೀಸಲಾದ ತನಿಖಾ ವಿಭಾಗವಿದೆಯೇ ಎಂದು ಮೊದಲು ವಿಚಾರಿಸಿ. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್, ಸ್ವೀಡನ್ ಮುಂತಾದ ಕಡೆ ಇಂಥ ವಿಭಾಗಗಳಿವೆ. ಬೇರೆ ದೇಶದಲ್ಲಿ, ಬೇರೆ ದೇಶದವರ ಮೇಲೆ ನಡೆದ ಅಪರಾಧವನ್ನೂ ಕೆಲವು ದೇಶಗಳು ವಿಚಾರಿಸುತ್ತವೆ. ಆರೋಪಿ ತಮ್ಮ ನೆಲದಲ್ಲಿರಬೇಕೆಂಬ ಷರತ್ತು ಹಲವೆಡೆ ಇರುವುದರಿಂದ ಸ್ಥಳೀಯ ವಕೀಲರ ಸಲಹೆ ಅಗತ್ಯ. ಬಹಳ ವರ್ಷವಾಯಿತೆಂದು ಬಿಟ್ಟುಬಿಡಬೇಡಿ. ಐಸಿಸಿಯ ವ್ಯಾಪ್ತಿಯ ಅಪರಾಧಗಳಿಗೆ ಕಾಲಮಿತಿ ಇಲ್ಲ, ಅನೇಕ ದೇಶಗಳ ಕಾನೂನಿನಲ್ಲೂ ಇಲ್ಲ. ರುವಾಂಡಾದ ನರಮೇಧದ ಆರೋಪಿಯಾಗಿ 2001ರಿಂದ ತಲೆಮರೆಸಿಕೊಂಡಿದ್ದ ಫುಲ್ಜೆನ್ಸ್ ಕಯಿಷೇಮಾ ಸಿಕ್ಕಿದ್ದು 2023ರ ಮೇ ತಿಂಗಳಲ್ಲಿ, ದಕ್ಷಿಣ ಆಫ್ರಿಕದ ಪಾರ್ಲ್ ಎಂಬ ಊರಿನಲ್ಲಿ.

ಹೇಳಿಕೆಯ ವಿಷಯದಲ್ಲಿ ಎಚ್ಚರ ಬೇಕು. ಒಂದೇ ಘಟನೆಯನ್ನು ಹತ್ತು ಸಂಘಟನೆಗಳ ಮುಂದೆ, ಹತ್ತು ಕ್ಯಾಮೆರಾಗಳ ಮುಂದೆ ಹೇಳಿದರೆ ಸಣ್ಣಪುಟ್ಟ ವ್ಯತ್ಯಾಸಗಳು ಬಂದೇ ಬರುತ್ತವೆ, ಮತ್ತು ಆರೋಪಿಯ ವಕೀಲರು ಹಿಡಿಯುವುದು ಅವನ್ನೇ. ಮೇಲಾಗಿ, ಮತ್ತೆ ಮತ್ತೆ ಹೇಳುವುದೇ ನೊಂದವರಿಗೆ ಮತ್ತೊಂದು ಯಾತನೆ. ಐಸಿಸಿಯ ಪ್ರಾಸಿಕ್ಯೂಟರ್ ಕಚೇರಿ ಮತ್ತು ಐರೋಪ್ಯ ಒಕ್ಕೂಟದ ನ್ಯಾಯಾಂಗ ಸಹಕಾರ ಸಂಸ್ಥೆಯಾದ ಯೂರೋಜಸ್ಟ್ ಸೇರಿ 2022ರಲ್ಲಿ ಸ್ವಯಂಸೇವಾ ಸಂಘಟನೆಗಳಿಗೆಂದು ಪ್ರಕಟಿಸಿದ ಮಾರ್ಗದರ್ಶಿಯಲ್ಲೂ ಒಬ್ಬರಿಂದಲೇ ಪದೇ ಪದೇ ಹೇಳಿಕೆ ಪಡೆಯಬಾರದೆಂಬ ಸಲಹೆಯಿದೆ. ಆದ್ದರಿಂದ ನೆನಪಿರುವುದನ್ನು ನಿಮಗಾಗಿ ಒಮ್ಮೆ ಬರೆದು, ದಿನಾಂಕ ಹಾಕಿಟ್ಟುಕೊಂಡು, ವಿವರವಾದ ಹೇಳಿಕೆಯನ್ನು ತನಿಖಾಧಿಕಾರಿಗೇ ಮೀಸಲಿಡಿ. ಕೈಯಲ್ಲಿರುವ ಕಾಗದಗಳ ಮೂಲಪ್ರತಿಯನ್ನು ಯಾರಿಗೂ ಕೊಡಬೇಡಿ. ಕೊಡಲೇಬೇಕಾದರೆ ರಸೀದಿ ಪಡೆಯಿರಿ, ಯಾವ ದಿನ ಯಾರ ಕೈ ಸೇರಿತೆಂದು ಬರೆದಿಡಿ. ಫೋನಿನಲ್ಲಿ ತೆಗೆದ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಎಲ್ಲಿ, ಯಾವ ಹೊತ್ತಿಗೆ ತೆಗೆದದ್ದೆಂಬ ಮಾಹಿತಿ ಸಾಮಾನ್ಯವಾಗಿ ಕಳಚಿಹೋಗುತ್ತದೆ. ಹಾಗಾಗಿ ಚಿತ್ರ ತೆಗೆದ ಆ ಫೋನನ್ನು, ಅದು ಕೆಟ್ಟುಹೋಗಿದ್ದರೂ ಸರಿ, ಮಾರದೆ, ಅಳಿಸದೆ ಹಾಗೆಯೇ ಎತ್ತಿಡಿ.